ಗಂಧಕದ ಖೋಲಿ

ಉಸಿರು ಹಿಡಿಯುವುದನ್ನು ಸಾವಂತ್ರವ್ವ ಕಲಿತದ್ದು ಬಸಂತರಾಯನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಯಾರೂ ಹೇಳಿಕೊಡಲಿಲ್ಲ. ಒಂದು ಸಲ ಹಿಡಿಯದೆ ಒಳಗೆ ಹೋದಳು. ಗಂಟಲಲ್ಲಿ ಬೆಂಕಿ ಇಳಿಯಿತು. ಕಣ್ಣು ಉರಿದು ದಾರಿ ಕಾಣದಾಯಿತು. ಹೊರಗೆ ಬಂದು ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಆವತ್ತಿನಿಂದ ಅವಳ ಮೈಯೇ ಕಲಿತುಬಿಟ್ಟಿತು.

ಇಂಡಿಯಿಂದ ಚಡಚಣದ ಕಡೆ ಹೋಗುವವರಿಗೆ ರಸ್ತೆಯ ಬದಿಯಲ್ಲಿ ಜಾಳಿಗೆ ಹೊದ್ದ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ಬಸ್ಸಿನ ಕಿಟಕಿಯಿಂದ ನೋಡಲು ಚಂದ. ಅಲ್ಲಿ ದ್ರಾಕ್ಷಿ ಒಣಗುತ್ತದೆ. ಒಣಗಿದರೆ ಸಾಲದು, ಬಣ್ಣ ಬರಬೇಕು. ಬಣ್ಣ ತಾನಾಗಿ ಬರುವುದಿಲ್ಲ. ಒಣಗಿದ ಹಣ್ಣನ್ನು ಕ್ರೇಟುಗಳಲ್ಲಿ ತುಂಬಿ, ಕಿಟಕಿ ಇಲ್ಲದ ಖೋಲಿಯಲ್ಲಿ ಪೇರಿಸಿ, ನಡುವೆ ಕಬ್ಬಿಣದ ಬುಟ್ಟಿಯಲ್ಲಿ ಗಂಧಕ ಸುಟ್ಟು ಬಾಗಿಲು ಬಿಗಿಯುತ್ತಾರೆ. ಹೊಗೆ ಕುಡಿದ ಹಣ್ಣು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣಕ್ಕೇ ಪೇಟೆಯಲ್ಲಿ ದರ. ಬಾಗಿಲು ತೆರೆದ ಮೇಲೆ ಹೊಗೆ ಆರುವ ತನಕ ಕಾಯಬೇಕು. ಕಾಯುವ ವ್ಯವಧಾನ ಬಸಂತರಾಯನಿಗೆ ಇರಲಿಲ್ಲ, ಲಾರಿ ಬಂದು ನಿಂತಿರುತ್ತಿತ್ತು. ಹೊಗೆ ಇರುವಾಗಲೇ ನುಗ್ಗಿ ಕ್ರೇಟು ಹೊರಗೆ ತರಬೇಕಿತ್ತು. ತರುವವರು ಕೇರಿಯ ಆರು ಮಂದಿ ಹೆಂಗಸರು.

ಕೇರಿಯವರೇ ಯಾಕೆ ಎಂದು ಕೇಳಿದರೆ ಕೆಲಸ ಮಾಡಿಸುವ ಮಿಸ್ತ್ರಿ ಶ್ರೀಶೈಲನ ಬಳಿ ಉತ್ತರ ತಯಾರಿತ್ತು. "ನಿಮ್ಮ ಮಂದಿ ಎದಿ ಗಟ್ಟಿ. ನಮ್ಮ ಹೆಣ್ಮಕ್ಕಳಿಗೆ ಅದು ತಡಿಯಂಗಿಲ್ಲ." ಬಣ್ಣ ಬಂದ ಹಣ್ಣನ್ನು ಆರಿಸುವ ಕೆಲಸ ಮಾತ್ರ ಗಟ್ಟಿ ಎದೆಯವರಿಗೆ ಇರಲಿಲ್ಲ. ಅದು ನೆರಳಿನಲ್ಲಿ, ಫ್ಯಾನಿನ ಕೆಳಗೆ ಕೂತು, ಊರ ಒಳಗಿನ ಹೆಂಗಸರು ಮಾಡುವ ಕೆಲಸ. ದೇವರ ಪ್ರಸಾದಕ್ಕೆ ಹೋಗುವ ಮಾಲು, ಎಲ್ಲರ ಕೈ ಹತ್ತಬಾರದು ಎಂದು ಸಾವಕಾರ ಬಸಂತರಾಯನೇ ಹೇಳಿದ್ದ. ಕ್ರೇಟು ಎತ್ತಿದರೆ ಮೈಲಿಗೆ ಇಲ್ಲ, ಕಾಳು ಮುಟ್ಟಿದರೆ ಮೈಲಿಗೆ. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೋ ಗೊತ್ತಿಲ್ಲ.

ಖೋಲಿ ತೆರೆಯುವ ಹೊತ್ತಿಗೆ ಆರೂ ಮಂದಿ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಮೂಗಿಗೆ ಒದ್ದೆ ಅರಿವೆ. ಶ್ರೀಶೈಲ ಬದಿಗೆ ನಿಂತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಚಿಲಕದ ಮೇಲೆ ಕೈ ಇಟ್ಟು ಕೂಗುತ್ತಿದ್ದ. "ಎಳಕೋ... ಎಳಕೋ... ಇನ್ನಾ ಎಳಕೋ... ಹೂಂ." ಎಳಕೋ ಅಂದಾಗ ಉಸಿರು ಎಳೆದುಕೊಳ್ಳಬೇಕು. ಹೂಂ ಅಂದಾಗ ಬಾಗಿಲು ತೆರೆಯುತ್ತಿತ್ತು, ಆರು ಬಾಯಿ ಮುಚ್ಚುತ್ತಿದ್ದವು. ಒಳಗೆ ಓಡಿ, ಕ್ರೇಟು ಎತ್ತಿ, ಹೊರಗೆ ಓಡಿ ಬಂದು, ದೂರದ ಬೇವಿನ ಗಿಡದ ಹತ್ತಿರ ಮಾತ್ರ ಬಾಯಿ ತೆರೆಯಬೇಕು. ನಡುವೆ ತೆರೆದವಳು ಕೆಟ್ಟಳು.

ಹೋದ ತಿಂಗಳು ಆ ಆರರಲ್ಲಿ ಒಬ್ಬಳು ಸತ್ತಳು. ಹೆಸರು ಭಾಗವ್ವ. ಸಾವಂತ್ರವ್ವನ ಪಕ್ಕದ ಮನೆಯವಳು, ಅವಳ ಜೊತೆಯೇ ಕ್ರೇಟಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು. ವರ್ಷದಿಂದ ಕೆಮ್ಮುತ್ತಿದ್ದಳು. ಟಿಬಿ ಎಂದು ಶ್ರೀಶೈಲ ಊರೆಲ್ಲ ಸಾರಿದ. ಸರ್ಕಾರಿ ದವಾಖಾನೆಯಲ್ಲಿ ಕಫ ನೋಡಿ ಟಿಬಿ ಅಲ್ಲ ಎಂದರು. ಅಲ್ಲ ಎಂಬ ಮಾತನ್ನು ಯಾರೂ ಸಾರಲಿಲ್ಲ. ಕಿರಾಣಿ ಅಂಗಡಿಯವನು ಅವಳನ್ನು ಕಟ್ಟೆ ಹತ್ತಗೊಡಲಿಲ್ಲ. ಕೊನೆಕೊನೆಗೆ ಭಾಗವ್ವ ಮಲಗುವುದನ್ನೇ ಬಿಟ್ಟಳು. ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೈ ಊರಿ ಕೂತಿರುತ್ತಿದ್ದಳು. ಉಸಿರಿಗೊಮ್ಮೆ ಭುಜ ಎರಡೂ ಮೇಲೆದ್ದು ಬೀಳುತ್ತಿದ್ದವು. ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಿಟ್ಟಿತ್ತು. "ಒಳಗ ಹೋಗತೈತಿ ಸಾವಂತ್ರಿ, ಹೊರಗ ಬರವಲ್ದು," ಅಂದಳು. ಅದೇ ಅವಳ ಕೊನೆಯ ಮಾತಾಯಿತು.

ಮಣ್ಣು ಮಾಡಿ ಬಂದ ಮೇಲೆ ಶ್ರೀಶೈಲ ಹೇಳಿ ಕಳಿಸಿದ. ಆರು ಮಂದಿ ಆಗಲೇಬೇಕು, ಇಲ್ಲದಿದ್ದರೆ ಐದೂ ಮಂದಿಯನ್ನು ಬಿಡಿಸಿ ಗಡಿಯ ಆಚೆಯಿಂದ ಬೇರೆ ಗುಂಪು ತರುತ್ತೇನೆ ಎಂದ. ಹಾಗಾಗಿ ಭಾಗವ್ವನ ಜಾಗಕ್ಕೆ ಅವಳ ಮಗಳು ಬಂದಳು. ಸಂಘಮಿತ್ರಾ. ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕೆಂದು ಕೂತಿದ್ದ ಹುಡುಗಿ. ಅವಳಿಗೆ ಉಸಿರು ಹಿಡಿಯುವುದನ್ನು ಕಲಿಸಿದವಳು ಸಾವಂತ್ರವ್ವ. ಮನೆಯ ಹಿಂದೆ ನಿಲ್ಲಿಸಿಕೊಂಡು, "ಎಳಕೋ ಅಂದಾಗ ಹೊಟ್ಟಿ ತುಂಬ ಎಳಕೋ, ಆಮ್ಯಾಗ ಬಾಯಿ ಬಿಗಿ ಹಿಡಿ, ಏನಾದ್ರೂ ಬಿಡಬ್ಯಾಡ," ಎಂದು ತೀಡಿ ತೀಡಿ ಕಲಿಸಿದಳು. ಕಲಿಸುವಾಗ ಅವಳಿಗೆ ತನ್ನ ಮೇಲೇ ಹೇಸಿಗೆ ಅನ್ನಿಸಿತು. ಆದರೂ ಕಲಿಸಿದಳು. ಕಲಿಸದಿದ್ದರೆ ಮೊದಲ ದಿನವೇ ಹುಡುಗಿ ಒಳಗೆ ಬೀಳುತ್ತಿದ್ದಳು.

ಕೇರಿಯ ಹುಡುಗರು ಸುಮ್ಮನಿರಲಿಲ್ಲ. ಇಂಡಿಗೆ ಹೋಗಿ ತಾಲೂಕು ಕಚೇರಿಯ ಮುಂದೆ ಕೂತು, ಭಾಗವ್ವನನ್ನು ಕೊಂದದ್ದು ಗಂಧಕದ ಹೊಗೆ ಎಂದು ಕೂಗಿದರು. ಕಡೆಗೆ ಮೇಲಿನವರು ಯಾರೋ ಮನಸ್ಸು ಮಾಡಿ, ಶೆಡ್ಡಿನ ಹೆಂಗಸರ ಎದೆ ತಪಾಸಣೆ ಮಾಡಿಸುತ್ತೇವೆ ಎಂದರು. ಸುದ್ದಿ ಬಂದ ಸಂಜೆಯೇ ಶ್ರೀಶೈಲ ಕೇರಿಯ ಬಾಯಿಗೆ ಬಂದು, ಬೈಕಿನಿಂದ ಇಳಿಯದೆ ಹೇಳಿದ.

"ಮಷಿನ್‌ನ್ಯಾಗ ಊದಸ್ತಾರ. ಊದಾಕ ಆಗಲಾರದವರಿಗೆ ಮರದಿನದಿಂದ ಕೆಲಸ ಇಲ್ಲ. ರೋಗದವರನ್ನ ಇಟಗೊಂಡು ಸಾವಕಾರ್ರು ಯಾಕ ತಲಿನೋವು ತಗೋಬೇಕು?"

ಸಾವಂತ್ರವ್ವ ಕೂಡ ಮಲಗುವುದನ್ನು ಬಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ಗಂಡ ಶಂಕ್ರೆಪ್ಪ ಕಬ್ಬು ಕಡಿಯುವ ಗುಂಪಿನ ಜೊತೆ ಹೋಗಿದ್ದ, ನೋಡುವವರು ಯಾರೂ ಇರಲಿಲ್ಲ. ನೀರಿನ ಕೊಡ ಹೊತ್ತು ಬರುವಾಗ ಎರಡು ಕಡೆ ಇಳಿಸುತ್ತಿದ್ದಳು, ಯಾರಾದರೂ ನೋಡಿದರೆ ತಲೆಯ ಸಿಂಬಿ ಸರಿಮಾಡಿಕೊಳ್ಳುವ ನಾಟಕ ಮಾಡುತ್ತಿದ್ದಳು. ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಸಣ್ಣಗೆ ಸಿಳ್ಳು ಬರುತ್ತಿತ್ತು. ಅದೇ ಸಿಳ್ಳನ್ನು ಅವಳು ಭಾಗವ್ವನ ಎದೆಯಲ್ಲಿ ಕೇಳಿದ್ದಳು. ಊದಲು ಆಗದಿದ್ದರೆ ಕೆಲಸ ಹೋಗುತ್ತದೆ. ಊದಿದರೆ ಮಷಿನು ಇದ್ದದ್ದನ್ನು ಹೇಳಿಬಿಡುತ್ತದೆ. ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಅವಳಿಗೆ ತಿಳಿಯಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಶ್ರೀಶೈಲ ಆರೂ ಮಂದಿಯನ್ನು ಗಂಧಕದ ಖೋಲಿಯ ಹಿಂದೆ ಕರೆದ. ಜೇಬಿನಿಂದ ನೀಲಿ ಬಣ್ಣದ ಪಂಪ್ ತೆಗೆದ. ದಮ್ಮಿನ ರೋಗದವರು ಬಾಯಿಗೆ ಹೊಡೆದುಕೊಳ್ಳುವ ಪಂಪ್. ಅದರ ಸುತ್ತ ಕರ್ಚೀಫು ಸುತ್ತಿದ್ದ. ತಾನು ಹಿಡಿಯುವ ಕಡೆಗೆ ಇವರ ಉಸಿರು ತಾಗಬಾರದು.

"ಬಾಯಿ ತಗೀರಿ. ಒಬ್ಬೊಬ್ರಾಗಿ."

"ಇದು ಯಾಕ್ರಿ ಮಿಸ್ತ್ರಿ?" ಸಂಘಮಿತ್ರಾ ಕೇಳಿದಳು.

"ಎದಿ ಸಡ್ಲ ಆಗತೈತಿ. ಊದಾಕ ಹಗರ. ನಿಮ್ಮ ಕೆಲಸ ಉಳೀಲಿ ಅಂತ ಮಾಡಾಕತ್ತೇನಿ, ಮತ್ತ ನನಗಾ ಪ್ರಶ್ನಿ ಕೇಳ್ತಿ?" ಆಮೇಲೆ ದನಿ ತಗ್ಗಿಸಿದ. "ಡಾಕ್ಟರ್ ಬಾಯಾರು ಮುಂಜಾನೆ ಏನರ ಔಷಧ ತಗೊಂಡೀರೇನು ಅಂತ ಕೇಳ್ತಾರ. ಇಲ್ಲ ಅನ್ನಬೇಕು. ತಿಳೀತಿಲ್ಲೋ?"

ಒಂದೇ ಪಂಪ್ ಆರು ಬಾಯಿಗೆ ಹೋಯಿತು. ಶೆಡ್ಡಿನ ನಳದ ಲೋಟ ಮುಟ್ಟಬಾರದ ಬಾಯಿಗಳು, ಒಬ್ಬರ ಎಂಜಲನ್ನು ಒಬ್ಬರು ನುಂಗಿದರು. ಸಾವಂತ್ರವ್ವನ ನಾಲಿಗೆ ಕಹಿಯಾಯಿತು. ಸ್ವಲ್ಪ ಹೊತ್ತಿಗೆ ಎದೆ ಒಂದೆಳೆ ಸಡಿಲವಾದಂತೆ ಅನ್ನಿಸಿತು. ಜೊತೆಗೇ ಗುಂಡಿಗೆ ಡವಡವ ಹೊಡೆದುಕೊಂಡು ಕೈಬೆರಳು ನಡುಗತೊಡಗಿದವು. ಇದು ಔಷಧದ ನಡುಕವೋ ಹೆದರಿಕೆಯದೋ, ಅವಳಿಗೆ ಗೊತ್ತಾಗಲಿಲ್ಲ.

ದ್ರಾಕ್ಷಿ ಆರಿಸುವ ಹಾಲ್‌ನಲ್ಲಿ ಮೇಜು ಹಾಕಿದ್ದರು. ಡಾಕ್ಟರು ವಿದ್ಯಾವತಿ ಬೆಳಗಿನ ನಾಷ್ಟಾವನ್ನು ಸಾವಕಾರನ ಮನೆಯಲ್ಲೇ ಮುಗಿಸಿಕೊಂಡು ಬಂದಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಬಸಂತರಾಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಷಿನು ನೋಡಿಕೊಳ್ಳುವವನು ಸಂಜೀವಕುಮಾರ. ಸಾವಂತ್ರವ್ವ ಆ ಮಷಿನನ್ನು ದೊಡ್ಡದು ಎಂದುಕೊಂಡಿದ್ದಳು. ಅದು ಅಂಗೈಯಷ್ಟಿತ್ತು. ಒಂದು ಕಡೆ ರಟ್ಟಿನ ನಳಿಗೆ, ಇನ್ನೊಂದು ಕಡೆ ಲ್ಯಾಪ್‌ಟಾಪಿಗೆ ಹೋದ ವೈರು.

ಡಾಕ್ಟರು ಕೆಟ್ಟವರೇನಲ್ಲ. ಎಲ್ಲರಿಗೂ ತಿಳಿಯುವಂತೆ ಹೇಳಿದರು. "ಎದಿಯೊಳಗ ಸಣ್ಣ ಸಣ್ಣ ಕೊಳವಿ ಅದಾವ. ಹೊಗಿ, ಧೂಳಾ ಹೊಕ್ಕು ಹೊಕ್ಕು ಅವು ಬಾತು ಇಕ್ಕಟ್ಟ ಆಗ್ತಾವ. ಟಿಬಿ ಬ್ಯಾರೆ, ಇದು ಬ್ಯಾರೆ. ಟಿಬಿ ಕಫದಾಗ ಗೊತ್ತಾಗತೈತಿ. ಇದು ಊದಿದ್ರ ಗೊತ್ತಾಗತೈತಿ. ಎಷ್ಟು ಎಳಕೊಂಡ್ರಿ ಅನ್ನೂದಷ್ಟಾ ಅಲ್ಲ, ಎಳಕೊಂಡಿದ್ದನ್ನ ಎಷ್ಟು ಲಗೂನ ಹೊರಗ ಹಾಕ್ತೀರಿ ಅನ್ನೂದು ಮುಖ್ಯ. ಮುಂಜಾನೆ ಯಾರರ ಔಷಧ, ಪಂಪ್ ತಗೊಂಡೀರೇನು?"

ಇಲ್ರಿ ಎಂದರು ಎಲ್ಲರೂ. ಆರು ಮಂದಿ ಸುಳ್ಳು ಹೇಳಿದರು, ಆರಿಸುವ ಹೆಂಗಸರು ನಿಜ ಹೇಳಿದರು. ಎಲ್ಲ ಒಂದೇ ದನಿಯಾಗಿ ಕೇಳಿಸಿತು.

ಮೊದಲು ಆರಿಸುವ ಹೆಂಗಸರ ಪಾಳಿ. ಸಂಜೀವಕುಮಾರ ಅವರ ಮೂಗಿಗೆ ಚಿಮಟಿ ಹಾಕಿ, ನಳಿಗೆ ಬಾಯಿಗಿಟ್ಟು ಹುರಿದುಂಬಿಸಿದ. ಅವರು ನಕ್ಕರು, ನಾಚಿದರು, ಊದಿದರು. ಪರದೆಯ ಮೇಲೆ ಗೆರೆ ಗುಡ್ಡದಂತೆ ಏರಿ ಇಳಿಯಿತು. ಚಲೋ ಐತಿ, ಚಲೋ ಐತಿ ಎಂದರು ಡಾಕ್ಟರು. ಕೇರಿಯವರ ಪಾಳಿ ಬಂದಾಗ ಸಂಜೀವಕುಮಾರ ಕೈಗವಸು ತೊಟ್ಟುಕೊಂಡ. ಅಲ್ಲಿಯ ತನಕ ಅವನ ಕೈ ಬರಿದಾಗಿತ್ತು.

ಮೊದಲು ಹೋದವಳು ಊದಲಿಲ್ಲ. ಎರಡನೆಯವಳೂ ಊದಲಿಲ್ಲ. ಸಾವಂತ್ರವ್ವ ಸಾಲಿನಲ್ಲಿ ನಿಂತು ನೋಡುತ್ತಿದ್ದಳು. ಎಳೆದುಕೊಳ್ಳುತ್ತಾರೆ, ತುಟಿ ಬಿಗಿಯುತ್ತಾರೆ, ಅಷ್ಟೇ. ಇವರಿಗೇನು ಬಡಿಯಿತು, ನಾನಾದರೂ ಊದಬೇಕು ಎಂದುಕೊಂಡಳು. ಅವಳ ಪಾಳಿ ಬಂತು. ಸ್ಟೂಲಿನ ಮೇಲೆ ಕೂತಳು. ಮೂಗಿಗೆ ಚಿಮಟಿ ಬಿತ್ತು. ಮೂಗು ಮುಚ್ಚಿದ ಕೂಡಲೇ ಭಾಗವ್ವನ ಮುಖ ಕಣ್ಣ ಮುಂದೆ ಬಂತು. ಎದುರಿಗೆ ಸಾವಕಾರ ಕೂತಿದ್ದ. ಅವನ ಹಿಂದೆ ಶ್ರೀಶೈಲ ನಿಂತಿದ್ದ.

"ತುಟಿ ಗಟ್ಟಿ ಹಿಡಿ. ಎಳಕೋ," ಎಂದ ಸಂಜೀವಕುಮಾರ. "ಎಳಕೋ... ಎಳಕೋ... ಇನ್ನಾ ಎಳಕೋ... ಹೂಂ, ಊದು."

ಅವಳು ಎಳೆದುಕೊಂಡಳು. ಗಂಟಲು ಮುಚ್ಚಿತು. ಊದಬೇಕು ಎಂದು ಅವಳಿಗೆ ಗೊತ್ತಿತ್ತು. ಊದು ಎನ್ನುವುದು ಕಿವಿಗೆ ಕೇಳುತ್ತಿತ್ತು. ಆದರೆ ಎದೆ ಕಲ್ಲಾಗಿ ಕೂತಿತು. ಉಸಿರು ಒಳಗೇ ನಿಂತು, ಕಣ್ಣು ಕತ್ತಲೆಗಟ್ಟುವ ತನಕ ನಿಂತು, ಕಡೆಗೆ ಸಣ್ಣಗೆ ಸೋರಿತು. ಪರದೆಯ ಮೇಲೆ ಗೆರೆ ನೆಲ ಬಿಟ್ಟು ಏಳಲಿಲ್ಲ.

"ಊದವ್ವ. ದೀಪ ಆರಿಸಿದಂಗ ಊದು." ಇನ್ನೊಮ್ಮೆ. "ಎಳಕೋ... ಎಳಕೋ... ಹೂಂ." ಅದೇ ಆಯಿತು. ಇನ್ನೊಮ್ಮೆ. ಅದೇ. ಸಂಜೀವಕುಮಾರ ತಲೆ ಕೊಡವಿದ. "ಬೇಕಂತಾನ ಊದವಲ್ಲರ್ರಿ ಮೇಡಂ."

ಉಳಿದ ಇಬ್ಬರದೂ, ಸಂಘಮಿತ್ರಾಳದೂ ಹಾಗೇ ಆಯಿತು. ಹುಡುಗಿಯ ಮುಖ ಅವಮಾನದಿಂದ ಕೆಂಪಾಯಿತು.

ಬಸಂತರಾಯ ನಕ್ಕ. "ನೋಡ್ರಿ ಬಾಯಾರ. ನಾ ಮೊದ್ಲಾ ಹೇಳಿದ್ದೆ. ಪರಿಹಾರ ಸಿಗತೈತಿ ಅಂತ ಯಾರೋ ಕಿವಿ ಊದ್ಯಾರ. ನಾಟಕ ಮಾಡತಾರ. ಆರಿಸೋ ಹೆಣ್ಮಕ್ಕಳು ಇದಾ ಶೆಡ್ಡಿನ್ಯಾಗ ದುಡೀತಾರ, ಅವರಿಗೆ ಏನಾಗೇತಿ?"

"ಊದದಿದ್ರ ನಾ ಏನ್ ಮಾಡ್ಲವ್ವ?" ಡಾಕ್ಟರ ದನಿಯಲ್ಲಿ ಬೇಸರವಿತ್ತು. "ಮಷಿನ್ ಊದಿದ್ದನ್ನ ಅಳೀತೈತಿ, ಹಿಡಕೊಂಡಿದ್ದನ್ನ ಅಳಿಯಂಗಿಲ್ಲ." ಆರು ಹೆಸರಿನ ಮುಂದೆ ಒಂದೇ ಮಾತು ಬರೆದರು. ಸಹಕರಿಸಲಿಲ್ಲ.

"ಅಂದ್ರ ಆ ಭಾಗಿದು ಟಿಬಿನಾ ಅಂತ ಆತಲ್ರಿ," ಎಂದ ಬಸಂತರಾಯ, ಚಹಾದ ಕಪ್ಪು ಕೆಳಗಿಡುತ್ತ.

ಸತ್ತವಳ ಮಗಳು ಅಲ್ಲೇ ನಿಂತಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ. ಸಾವಂತ್ರವ್ವ ಮಾತಾಡಬೇಕೆಂದು ಬಾಯಿ ತೆರೆದಳು. ಕೈ ತಾನಾಗಿ ಸೆರಗನ್ನು ಬಾಯಿಗೆ ಒಯ್ದಿತು. ದೊಡ್ಡವರ ಮುಂದೆ ನಿನ್ನ ಉಸಿರು ಅವರ ಕಡೆ ಹೋಗಬಾರದು ಎಂದು ಅವಳ ಅವ್ವ ಚಿಕ್ಕಂದಿನಲ್ಲಿ ಬಾಯಿ ಮೇಲೆ ಹೊಡೆದು ಕಲಿಸಿದ್ದಳು. ಸೆರಗು ಬಾಯಿಗೆ ಬಂದ ಮೇಲೆ ಮಾತು ಬರಲಿಲ್ಲ.

ಡಾಕ್ಟರು ಸಾಮಾನು ಕಟ್ಟತೊಡಗಿದರು. ಅಂಗಳದಲ್ಲಿ ಲಾರಿ ಹಾರ್ನ್ ಹೊಡೆಯಿತು. ಶ್ರೀಶೈಲ ಆರೂ ಮಂದಿಯನ್ನು ಕುರಿ ಅಟ್ಟಿದಂತೆ ಖೋಲಿಯ ಕಡೆ ಅಟ್ಟಿದ. "ನಾಟಕ ಮುಗೀತು. ಮಾಲು ತಗೀರಿ ಲಗೂ. ಸಂಜೀ ಮುಂದ ಯಾರ ಕೆಲಸ ಇರತೈತಿ, ಯಾರದು ಇರಂಗಿಲ್ಲ ಹೇಳ್ತೇನಿ."

ಒದ್ದೆ ಅರಿವೆ ಕಟ್ಟಿಕೊಂಡು ಬಾಗಿಲ ಮುಂದೆ ನಿಂತರು. ಸಾವಂತ್ರವ್ವನ ಪಕ್ಕದಲ್ಲಿ, ಭಾಗವ್ವ ನಿಲ್ಲುತ್ತಿದ್ದ ಜಾಗದಲ್ಲಿ, ಸಂಘಮಿತ್ರಾ ನಿಂತಿದ್ದಳು. ಶ್ರೀಶೈಲ ಟವೆಲ್ ಸುತ್ತಿಕೊಂಡು ಚಿಲಕಕ್ಕೆ ಕೈ ಹಾಕಿದ.

"ಎಳಕೋ... ಎಳಕೋ... ಇನ್ನಾ ಎಳಕೋ... ಹೂಂ."

ಬಾಗಿಲು ತೆರೆಯಿತು. ಬಿಳಿ ಹೊಗೆ ಹೊಸ್ತಿಲು ದಾಟಿ ಬಂತು. ಸಾವಂತ್ರವ್ವ ಉಸಿರು ಬಿಗಿದು ಪಕ್ಕಕ್ಕೆ ನೋಡಿದಳು. ಸಂಘಮಿತ್ರಾ ಗಲ್ಲ ಎದೆಗೆ ಒತ್ತಿ, ಕಣ್ಣು ಕಿರಿದು ಮಾಡಿ, ತುಟಿ ಬಿಗಿದಿದ್ದಳು. ಈಗಷ್ಟೇ ಸ್ಟೂಲಿನ ಮೇಲೆ ಹೀಗೇ ಕೂತಿದ್ದಳು. ಇದೇ ಗಲ್ಲ, ಇದೇ ಕಣ್ಣು, ಇದೇ ತುಟಿ. ಅದೇ ಕೂಗು. ಆ ಮಷಿನಿನ ಹುಡುಗ ಎಳಕೋ ಅಂದದ್ದು, ಇವನು ದಿನಾ ಎಳಕೋ ಅನ್ನುವುದು. ಊದು ಅಂದರೆ ಎಲ್ಲಿ ಊದುತ್ತಾರೆ? ಬಿಟ್ಟರೆ ಸಾಯುತ್ತೀ ಎಂದು ಮೈಗೆ ಕಲಿಸಿ ಇಟ್ಟಿದ್ದಾರೆ. ಕಲಿಸಿದವಳು ನಾನೇ. ಭಾಗವ್ವನ ಮಗಳಿಗೆ ಭಾಗವ್ವನ ಸಾವನ್ನು ನಾನೇ ಕಲಿಸುತ್ತಿದ್ದೇನೆ.

ಆ ಯೋಚನೆ ಬಂದಾಗ ಅವಳಿಗೆ ಆದ ದಿಗಿಲು ಜೀವಮಾನದಲ್ಲಿ ಆಗಿರಲಿಲ್ಲ. ಹೊಗೆಯ ಹೆದರಿಕೆ, ಕೆಲಸ ಹೋಗುವ ಹೆದರಿಕೆ, ಮಷಿನಿನ ಹೆದರಿಕೆ, ಎಲ್ಲ ಅದರ ಮುಂದೆ ಸಣ್ಣವಾದವು. ಹೊಸ್ತಿಲಿಗೆ ಕಾಲಿಡುತ್ತಿದ್ದ ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಉಳಿದ ನಾಲ್ವರೂ ಹೊರಗೇ ನಿಂತರು.

"ಏ ಸಾವಂತ್ರಿ, ನಡೀ ಒಳಗ," ಎಂದ ಶ್ರೀಶೈಲ. ಬಾಗಿಲ ಹಿಂದಿನಿಂದ ಮುಂದೆ ಬಂದು ಅವಳ ಎದುರಿಗೇ ನಿಂತ.

ಅವಳು ಮೂಗಿನ ಅರಿವೆ ಕಿತ್ತಳು. ಎದೆಯಲ್ಲಿ ಹಿಡಿದಿಟ್ಟದ್ದನ್ನು ಬಿಟ್ಟಳು. ಅವನ ಮುಖದ ಮೇಲೇ ಬಿಟ್ಟಳು. ಫೂ ಎಂದು ಊದಿದಳು. ಅವನ ಟವೆಲ್ಲಿನ ತುದಿ ಅಲುಗಿತು. ಉಗುಳಿನ ಹನಿ ಅವನ ಹುಬ್ಬಿನ ಮೇಲೆ ಬಿತ್ತು. ಕೇರಿಯ ಹೆಂಗಸೊಬ್ಬಳ ಉಸಿರು ಅವನ ಮುಖಕ್ಕೆ ತಾಗಿದ್ದು ಅದೇ ಮೊದಲು. ಬೆಂಕಿ ಬಿದ್ದವನಂತೆ ಹಿಂದಕ್ಕೆ ಜಿಗಿದು, ಮುಖ ಒರೆಸಿಕೊಳ್ಳುತ್ತ, ಅವ್ವ ಅಕ್ಕ ಎನ್ನದೆ ಬೈದ.

ಅವಳಿಗೆ ಬೈಗುಳ ಕೇಳಲಿಲ್ಲ. ಊದಿದ ಉಸಿರು ಅರ್ಧಕ್ಕೇ ಮುಗಿದು ಕೆಮ್ಮು ಹತ್ತಿತ್ತು. ಬೇವಿನ ಗಿಡದ ತನಕ ಹೋಗಲು ಆಗಲಿಲ್ಲ. ಸಂಘಮಿತ್ರಾ ಅವಳನ್ನು ಎಳೆದುಕೊಂಡು ಹೋಗಿ ಕೂರಿಸಿದಳು. ಸಾವಂತ್ರವ್ವ ಮೊಣಕಾಲ ಮೇಲೆ ಕೈ ಊರಿ ಕೂತಳು. ಭುಜ ಮೇಲೆದ್ದು ಬೀಳತೊಡಗಿದವು. ಸಂಘಮಿತ್ರಾ ಅದನ್ನು ನೋಡಿ, "ನಮ್ಮವ್ವ ಹಿಂಗಾ ಕುಂದ್ರತಿದ್ಲು," ಎಂದು ಗಟ್ಟಿಯಾಗಿ ಅತ್ತಳು.

ಜೀಪು ಹತ್ತುತ್ತಿದ್ದ ಡಾಕ್ಟರು ಆ ಅಳು ಕೇಳಿ ಇಳಿದು ಬಂದರು. ಸಾವಂತ್ರವ್ವನ ತುಟಿ ನೋಡಿದರು. ಕಿವಿಗೆ ಸ್ಟೆತಸ್ಕೋಪ್ ಸಿಕ್ಕಿಸಿ, ಅದರ ತುದಿಯನ್ನು ಬೆನ್ನಿಗೆ ಒತ್ತಿ ಕೇಳಿದರು. ಮುಖ ಬದಲಾಯಿತು. "ಇಷ್ಟು ಸಿಳ್ಳು ಐತಿ. ಆಗಳೆ ಯಾಕ ಊದಲಿಲ್ಲವ್ವ ನೀ?"

ಕೆಮ್ಮು ಇಳಿಯುವ ತನಕ ಅವಳಿಗೆ ಮಾತು ಬರಲಿಲ್ಲ. ಸೆರಗು ಬಾಯಿಗೆ ಬರಲು ನೋಡಿತು. ಅದನ್ನು ನಡುವಿಗೆ ಸಿಕ್ಕಿಸಿದಳು.

"ಬಿಡಾಕ ಬರವಲ್ದರಿ ಬಾಯಾರ. ಎಳಕೋ ಅಂದ್ರ ನಮ್ಮ ಬಾಯಿ ಮುಚ್ಚತೈತ್ರಿ. ಇಲ್ಲಿ ಹಂಗಾ ಎಳಕೊಂಡು ಒಳಗ ಹೋಗ್ತೇವ್ರಿ. ಬಿಟ್ರ ಸಾಯ್ತೇವ್ರಿ. ಊದಿಲ್ಲಾ ಅಂತ ಬರದ್ರಿ. ನಾಟಕ ಅಲ್ರಿ ಅದು." ಉಸಿರು ತೆಗೆದುಕೊಂಡಳು. "ಈಗ ಮಷಿನ್ ತರ್ರಿ."

ಡಾಕ್ಟರು ತೆರೆದ ಖೋಲಿಯ ಕಡೆ ನೋಡಿದರು. ಹೊಗೆ ಇನ್ನೂ ಬರುತ್ತಿತ್ತು. ಖೋಲಿಯನ್ನು ಹೊಗೆ ಪೂರ್ತಿ ಆರಿದ ಮೇಲೆಯೇ ತೆರೆಯುತ್ತೇವೆ ಎಂದು ನಾಷ್ಟಾದ ಹೊತ್ತಿಗೆ ಸಾವಕಾರ ಹೇಳಿದ್ದ. ಅವನೂ ಅಲ್ಲಿಗೆ ಬಂದ, ದೂರವೇ ನಿಂತ.

"ಬಾಯಾರ, ಊಟಕ್ಕ ಹೊತ್ತಾತು. ಆ ಹೆಂಗಸಿಗೆ ತಲಿ ಸರಿ ಇಲ್ಲ, ಮನಿಗೆ ಕಳಸ್ತೇನಿ."

ಡಾಕ್ಟರು ಸಾವಕಾರನ ಕಡೆ ತಿರುಗಿ ನೋಡಿದರು. ಅವರೂ ಹೆದರಿದ್ದರು, ಅದು ಸಾವಂತ್ರವ್ವನಿಗೆ ಕಂಡಿತು. ಆಮೇಲೆ ಸಂಜೀವಕುಮಾರನಿಗೆ ಮಷಿನು ತೆಗೆ ಎಂದರು.

ಗಿಡದ ಕೆಳಗೆ ಸ್ಟೂಲು ಬಂತು. ಸಾವಂತ್ರವ್ವ ದಣಿವಾರಿಸಿಕೊಂಡು ಕೂತಳು. ಚಿಮಟಿ ಹಾಕಿಸಿಕೊಂಡಳು. ಸಂಜೀವಕುಮಾರ ಬಾಯಿ ತೆರೆದ. ಅವಳು ಕೈ ಎತ್ತಿದಳು.

"ನೀ ಏನೂ ಅನಬ್ಯಾಡಪಾ. ನಾನಾ ಊದತೇನಿ."

ಎಳೆದುಕೊಂಡಳು. ಗಂಟಲು ಮುಚ್ಚಲು ಬಂತು. ಸಂಘಮಿತ್ರಾಳ ಮುಖ ನೋಡಿದಳು. ಬಿಟ್ಟಳು. ಮೊದಲು ಒಂದಿಷ್ಟು ಗಾಳಿ ಹೋಯಿತು, ಆಮೇಲೆ ದಾರದಷ್ಟು ಸಣ್ಣದಾಗಿ, ಸಿಳ್ಳಿನೊಂದಿಗೆ ಹೋಗುತ್ತಲೇ ಇತ್ತು. ಒಳಗೆ ಇನ್ನೂ ಇದೆ, ಹೊರಗೆ ಬರುತ್ತಿಲ್ಲ. ಭಾಗವ್ವ ಹೇಳಿದ್ದು ಇದನ್ನೇ. ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಡಾಕ್ಟರು ಸಾಕು ಎನ್ನುವ ತನಕ ಊದಿದಳು. ಮತ್ತೆ ಊದಿಸಿದರು. ಮತ್ತೆ ಊದಿದಳು.

ಪರದೆಯ ಮೇಲಿನ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಆರಿಸುವ ಹೆಂಗಸರ ಗೆರೆ ಗುಡ್ಡದಂತಿತ್ತು. ಇದು ಮೊಟಕಾಗಿ ಎದ್ದು, ನುಲಿ ಸಡಿಲಾದ ಹೊರಸಿನಂತೆ ನಡುವೆ ಕುಸಿದಿತ್ತು.

"ಇರಬೇಕಾದದ್ದರಾಗ ಅರ್ಧಾನೂ ಇಲ್ಲ," ಎಂದರು ಡಾಕ್ಟರು. "ಹೆದರಬ್ಯಾಡ. ಈಗ ಪಂಪ್ ಹೊಡದು, ಸ್ವಲ್ಪ ತಡದು ಮತ್ತ ನೋಡೂಣು. ಕೊಳವಿ ಸಡ್ಲಾಗಿ ಗೆರಿ ಏರಿದ್ರ ಔಷಧಕ್ಕ ಬಗ್ಗತೈತಿ ಅಂತ ಅರ್ಥ."

ಸಾವಂತ್ರವ್ವ ಶ್ರೀಶೈಲನ ಕಡೆ ನೋಡಿದಳು. ಅವನು ಬೇಡ ಎನ್ನುವಂತೆ ಕಣ್ಣು ದೊಡ್ಡದು ಮಾಡಿದ. ಬಸಂತರಾಯನೂ ನೋಡುತ್ತಿದ್ದ.

"ಪಂಪ್ ಮುಂಜಾನೇ ಹೊಡದಾರ್ರಿ."

"ಯಾರು?"

"ಈ ಮಿಸ್ತ್ರಿ. ಆರೂ ಮಂದಿಗೆ. ಕೇಳಿದ್ರ ಇಲ್ಲ ಅನ್ರಿ ಅಂದಾನ್ರಿ."

ಶ್ರೀಶೈಲ ಸುಳ್ಳು ಅನ್ನಲು ಹೋದ. ಸಂಘಮಿತ್ರಾ, "ಎಡಗಡೆ ಕಿಸೆದಾಗ ಐತ್ರಿ, ಕರ್ಚೀಪಿನ್ಯಾಗ ಸುತ್ಯಾನ," ಎಂದಳು. ಅವನ ಕೈ ಜೇಬಿನ ಮೇಲೆ ಹೋಯಿತು. ಯಾರೂ ಹುಡುಕುವ ಅಗತ್ಯ ಬೀಳಲಿಲ್ಲ.

ಡಾಕ್ಟರು ಪರದೆಯನ್ನು ಮತ್ತೊಮ್ಮೆ ನೋಡಿದರು. ದನಿ ಸಣ್ಣದಾಗಿತ್ತು. "ಪಂಪ್ ಹೊಡದ ಮ್ಯಾಲೂ ಇಷ್ಟಾ?"

ಪಂಪ್ ಹೊಡೆಸಿದವರು ಎದೆ ಚಲೋ ಕಾಣಲಿ ಎಂದು ಹೊಡೆಸಿದ್ದರು. ಆ ಪಂಪೇ ಈಗ ಅವರ ಕೊರಳಿಗೆ ಬಂತು. ಔಷಧ ಕೊಟ್ಟರೂ ತೆರೆಯದಷ್ಟು ಕೊಳವೆ ಕೆಟ್ಟಿದೆ ಎಂದು ಮಷಿನು ಹೇಳಿಬಿಟ್ಟಿತ್ತು. ಆದರೆ ಸಾವಂತ್ರವ್ವನಿಗೆ ಆಗ ಸಂತೋಷವೇನೂ ಆಗಲಿಲ್ಲ.

"ಅಂದ್ರ ಏನ್ರಿ ಬಾಯಾರ?"

ಡಾಕ್ಟರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಕೊಳವಿ ಗಟ್ಟಿ ಆಗ್ಯಾವವ್ವ. ಔಷಧಕ್ಕ ಬಗ್ಗವಲ್ಲವು. ಹೋದ ಉಸಿರು ತಿರುಗಿ ಬರೂದು ಕಷ್ಟ. ಇದ್ದದ್ದು ಉಳೀಬೇಕಂದ್ರ ಔಷಧ ತಗೋಬೇಕು, ಆ ಖೋಲಿ ಕಡಿ ಹಾಯಬಾರದು."

ಹೋದದ್ದು ಬರುವುದಿಲ್ಲ. ಸಾವಂತ್ರವ್ವ ಆ ಮಾತನ್ನು ಒಳಗೇ ಹೇಳಿಕೊಂಡಳು. ತಾನು ಎಲ್ಲೋ ಬಿದ್ದುಹೋಗುತ್ತಿರುವಂತೆ ಅನ್ನಿಸಿ ಸ್ಟೂಲಿನ ಅಂಚು ಹಿಡಿದಳು. ಶಂಕ್ರೆಪ್ಪನಿಗೆ ಏನೆಂದು ಹೇಳುವುದು? ಮುಂದಿನ ಬೇಸಿಗೆಗೆ ತಾನು ಇರುತ್ತೇನೋ ಇಲ್ಲವೋ? ಅವಳಿಗೆ ಬದುಕುವ ಆಸೆ ಬಹಳ ಇತ್ತು, ಅದನ್ನು ಅವಳು ಆವತ್ತೇ ಕಂಡದ್ದು.

"ಖೋಲಿ ಬಿಡೂದಂದ್ರ ಬಿಡ್ಲಿ," ಎಂದ ಬಸಂತರಾಯ. "ಈಕಿನೂ ಬ್ಯಾಡ, ಈಕಿ ಕೂಡ ಊದೋರು ಯಾರೂ ಬ್ಯಾಡ. ಕೆಲಸ ಬೇಕಂದವರು ಈಗ ಮಾಲು ತಗೀರಿ."

ಉಳಿದ ನಾಲ್ಕು ಮಂದಿ ಖೋಲಿಯ ಕಡೆಗೂ ನೋಡಿದರು, ಸ್ಟೂಲಿನ ಕಡೆಗೂ ನೋಡಿದರು. ಇಬ್ಬರು ತಲೆ ತಗ್ಗಿಸಿ ಅರಿವೆ ಕಟ್ಟಿಕೊಂಡು ಖೋಲಿಯ ಕಡೆ ನಡೆದರು. ಸಾವಂತ್ರವ್ವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಿನ್ನೆಯಾದರೆ ಅವಳೇ ಮೊದಲು ನಡೆಯುತ್ತಿದ್ದಳು. ಇನ್ನಿಬ್ಬರು ನಿಂತಲ್ಲೇ ನಿಂತರು.

ಅವಳು ಸ್ಟೂಲು ಬಿಟ್ಟು ಎದ್ದಳು. "ಕುಂದ್ರ ಮಗಳ," ಎಂದಳು ಸಂಘಮಿತ್ರಾಳಿಗೆ.

"ಅಂಜಿಕಿ ಬರತೈತಿ ಚಿಗವ್ವ."

"ನನಗೂ ಬರತೈತಿ. ಕುಂದ್ರ."

ಹುಡುಗಿ ಕೂತಳು. ನಳಿಗೆ ಬಾಯಿಗಿಟ್ಟಳು. ಎಳೆದುಕೊಂಡಳು. ಗಲ್ಲ ಎದೆಗೆ ಇಳಿಯಿತು, ತುಟಿ ಬಿಗಿಯಿತು. ಸಾವಂತ್ರವ್ವ ಅವಳ ಬೆನ್ನ ಮೇಲೆ ಅಂಗೈ ಇಟ್ಟಳು. ತಾನು ಕಲಿಸಿದ್ದನ್ನು ತಾನೇ ಅಳಿಸಬೇಕಿತ್ತು.

"ಹಿಡೀಬ್ಯಾಡ," ಎಂದಳು. "ಬಿಡು."

ಸಂಘಮಿತ್ರಾ ಬಿಟ್ಟಳು. ಅಂಗೈ ಕೆಳಗೆ ಬೆನ್ನು ಒಮ್ಮೆಲೇ ಕುಸಿದು ಗಾಳಿ ರಭಸದಿಂದ ಹೊರಬಿತ್ತು. ಸಿಳ್ಳಿಲ್ಲ, ಕೆಮ್ಮಿಲ್ಲ. ಹೋಗುತ್ತಲೇ ಇತ್ತು. ಎಷ್ಟೊಂದು ಉಸಿರು ಎಂದುಕೊಂಡಳು ಸಾವಂತ್ರವ್ವ. ಪರದೆಯ ಮೇಲೆ ಗೆರೆ ಗುಡ್ಡದಂತೆ ಎದ್ದಿತು.

"ಈಕಿಗೂ ಪಂಪ್ ಹೊಡದಾರ, ಇನ್ನೊಮ್ಮೆ ದವಾಖಾನಿಗೆ ಕರಕೊಂಡು ಬಾ," ಎಂದರು ಡಾಕ್ಟರು. "ಆದ್ರ ಇದು ಚಲೋ ಐತಿ. ಈಕಿದು ಇನ್ನಾ ಕೆಟ್ಟಿಲ್ಲ."

ಶ್ರೀಶೈಲ ಖೋಲಿಯ ಬಾಗಿಲಿನಿಂದ ಕೂಗಿದ. ಸಂಘಮಿತ್ರಾಳ ಹೆಸರು ಹಿಡಿದು ಕೂಗಿದ, ಒಬ್ಬಳು ಹೆಚ್ಚು ಬೇಕು ಬಾ ಎಂದ. ಸಾವಂತ್ರವ್ವ ಹುಡುಗಿಯ ಕೊರಳಲ್ಲಿ ಜೋತಿದ್ದ ಒದ್ದೆ ಅರಿವೆ ಬಿಚ್ಚಿ ಅವನ ಕಾಲ ಬಳಿ ಎಸೆದಳು.

"ನೀನಾ ಕಟಗೊಂಡು ಹೋಗು ಒಳಗ," ಎಂದಳು. "ಇಕಿ ಬರಂಗಿಲ್ಲ."

ಕೇರಿಯ ದಾರಿ ಅರ್ಧ ಹೋಗುವುದರಲ್ಲಿ ಅವಳು ಎಷ್ಟೋ ಸಲ ನಿಂತಳು. ಈಗ ಸಿಂಬಿ ಸರಿಮಾಡಿಕೊಳ್ಳುವ ನಾಟಕ ಮಾಡಲಿಲ್ಲ. ನಿಂತು, ಬಾಯಿ ತೆರೆದು, ಎಲ್ಲರಿಗೂ ಕಾಣುವಂತೆ ಉಸಿರು ತೆಗೆದುಕೊಂಡಳು. ನಾಳೆ ಏನು ಎಂಬ ಹೆದರಿಕೆ ಎದೆಯಲ್ಲೇ ಕೂತಿತ್ತು. ಅವಳು ನಿಂತಾಗಲೆಲ್ಲ ಸಂಘಮಿತ್ರಾಳೂ ನಿಂತಳು. ಶೆಡ್ಡಿನಿಂದ ಹೊರಟಾಗ ಹಿಡಿದ ಹುಡುಗಿಯ ರಟ್ಟೆಯನ್ನು ಸಾವಂತ್ರವ್ವ ಇನ್ನೂ ಬಿಟ್ಟಿರಲಿಲ್ಲ.